ಕರೆದ ಹಾಲಿನ ಋಣ

ಕಠೋಪನಿಷತ್ತನ್ನು ಓದಿದವರೆಲ್ಲರೂ ನಚಿಕೇತನು ಯಮನಲ್ಲಿ ಕೇಳಿದ ಮೂರನೆಯ ವರವನ್ನು ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಆದರೆ ಆ ಬಾಲಕನು ಯಮಸದನಕ್ಕೆ ಹೋಗುವಂತಾದುದು ಏತರಿಂದ ಎಂಬುದನ್ನು ಅಷ್ಟಾಗಿ ಯಾರೂ ಚಿಂತಿಸುವುದಿಲ್ಲ. ಅವನ ತಂದೆಯು ಸರ್ವಸ್ವವನ್ನೂ ಕೊಟ್ಟುಬಿಡತಕ್ಕ ಯಜ್ಞವನ್ನು ಕೈಕೊಂಡು, ದಕ್ಷಿಣೆಯ ಕಾಲ ಬಂದಾಗ ಕೊಟ್ಟಿಗೆಯಿಂದ ಹೊರಡಿಸಿದ ಹಸುಗಳಾದರೂ ಎಂಥವು? ಹಾಲು ಬತ್ತಿದ, ಇನ್ನು ಮುಂದೆ ಗಬ್ಬವಾಗುವ ಆಸೆಯೂ ಇಲ್ಲದ ಮುದಿ ಹಸುಗಳು. ಅಲ್ಲಿಯ ಮಾತಿಗೆ ಭಾಷ್ಯಕಾರರು ಹೆರುವ ಸಾಮರ್ಥ್ಯವಿಲ್ಲದವು ಎಂದೇ ಅರ್ಥಮಾಡಿರುವರು. ಬ್ರಹ್ಮವಿದ್ಯೆಯ ಅಂಥ ದೊಡ್ಡ ಗ್ರಂಥವೊಂದು ಗೊಡ್ಡು ಹಸುವಿನ ಪ್ರಸಂಗದಿಂದ ಹೊರಡುತ್ತದೆಂಬುದು ನನಗೆ ಪಾಠಶಾಲೆಯ ದಿನಗಳಿಂದಲೂ ಸೋಜಿಗವಾಗಿಯೇ ಉಳಿದಿದೆ. ಹುಡುಗನ ಮನಸ್ಸನ್ನು ಕದಡಿದುದು ಪರಲೋಕವಲ್ಲ. ಕಣ್ಣೆದುರಿಗೆ ಹೋಗುತ್ತಿದ್ದ ಆ ಹಸುಗಳ ಸಾಲು.

ಉಪಯೋಗವು ತೀರಿದ ಪ್ರಾಣಿಯನ್ನು ಇನ್ನೊಬ್ಬರ ಬಾಗಿಲಿಗೆ ಅಟ್ಟಿ ಪುಣ್ಯವೆಂದು ಕರೆಯಬಹುದೆ ಎಂಬುದು ಅಂದಿನ ಪ್ರಶ್ನೆ. ಇಂದಿನ ಪ್ರಶ್ನೆಯು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಹೆಚ್ಚು ಹಾಲಿಗಾಗಿ ಒಂದು ತಳಿಯನ್ನು ನಾವೇ ತಿದ್ದಿ, ಆ ಹಾಲಿನ ಭಾರದಿಂದಲೇ ಅದು ಗಬ್ಬ ನಿಲ್ಲದೆ ಹೋದರೆ, ಆ ಗೊಡ್ಡುತನವು ಯಾರದು? ಹಸುವಿನದೆ, ಅದನ್ನು ಕಟ್ಟಿದ ಬಡವನದೆ, ಹಾಲು ಕುಡಿದ ನಮ್ಮದೆ? ಹಸುವಿನ ವಿಷಯವಾಗಿ ಈಚೆಗೆ ಮಾತನಾಡುವವರಲ್ಲಿ ಬಹುಮಂದಿ ಭಕ್ತಿಯಿಂದಲೋ ಲೆಕ್ಕದಿಂದಲೋ ಮಾತನಾಡುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಮಾಡುವವರು ಕಡಮೆ. ಆದಕಾರಣ ಈ ಲೇಖನ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳುವುದು ಅವಶ್ಯಕ. ನಾಟಿ ಹಸುವೆಂದರೆ ಪ್ರಕೃತಿಯು ಕೊಟ್ಟದ್ದು, ಸೀಮೆಹಸುವೆಂದರೆ ಮನುಷ್ಯನು ಮಾಡಿದ್ದು ಎಂದು ಅನೇಕರು ತಿಳಿದಿರುವರು. ನಮ್ಮ ಜಿಲ್ಲೆಯ ಅಜ್ಜಂಪುರಕ್ಕೆ ಹೋಗಿ ಅಮೃತಮಹಲ್ ಹಸುಗಳನ್ನು ನೋಡಿದವರು ಹಾಗೆನ್ನಲಾರರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ. ಅರಮನೆಗೆ ಹಾಲುಬೆಣ್ಣೆ ಒದಗಿಸುವುದಕ್ಕಾಗಿ ಇದ್ದ ಇಲಾಖೆ. ಮುಂದೆ ಹೈದರನೂ ಟಿಪ್ಪುವೂ ಆ ಹಿಂಡುಗಳಲ್ಲಿ ಕಂಡದ್ದು ಬೆಣ್ಣೆಯನ್ನಲ್ಲ, ಫಿರಂಗಿಯ ಬಂಡಿಯನ್ನೆಳೆಯುವ ಕಾಲುಗಳನ್ನು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. 1799ರ ಬಳಿಕ ಇಂಗ್ಲಿಷರೂ ಅದನ್ನೇ ಬಯಸಿದರು. 1860ರಲ್ಲಿ ಮಿತವ್ಯಯವೆಂದು ಹಿಂಡನ್ನು ಒಡೆದು ಮಾರಿದ ಸರಕಾರವೇ, ಫಿರಂಗಿಗೆ ಒಳ್ಳೆಯ ಎತ್ತು ಸಿಕ್ಕದೆ ಹೋದುದರಿಂದ 1866ರಲ್ಲಿ ಅದನ್ನು ಪುನಃ ಕಟ್ಟಬೇಕಾಯಿತು. ಹೀಗೆ ತಲೆಮಾರುಗಟ್ಟಲೆ ಓಟವನ್ನೇ ನೋಡಿ ಹೋರಿಯನ್ನು ಆರಿಸಿದ ಫಲವಾಗಿ, ಹೆಸರಿನಲ್ಲಿ ಅಮೃತವಿರುವ ಆ ಹಸುವಿನ ಕೆಚ್ಚಲಿನಲ್ಲಿ ತನ್ನ ಕರುವಿಗೆ ಸಾಕಾಗುವಷ್ಟು ಹಾಲಿದ್ದರೆ ದೊಡ್ಡದು. ಅದರ ಚೆಲುವನ್ನೂ ಕೊಂಬಿನ ನಿಲುವನ್ನೂ ಕಂಡು ಕೈಮುಗಿಯಬೇಕೆನಿಸುವುದು ಸಹಜ. ಆದರೆ ಅದು ಯುದ್ಧದ ಅಗತ್ಯವು ಕಡೆದ ಮೂರ್ತಿಯೆಂಬುದನ್ನು ಮರೆಯಬಾರದು.

ಜಿಲ್ಲೆಯ ಪಡುವಣ ಅಂಚಿಗೆ ಹೋದರೆ ಬೇರೊಂದು ಬಗೆ. ಮಲೆನಾಡು ಗಿಡ್ಡವನ್ನು ಯಾವ ರಾಜನೂ ತಿದ್ದಲಿಲ್ಲ. ಮಳೆ, ಗುಡ್ಡ, ಉಂಬಳ, ಬಡಮೇವು ಇವು ತಿದ್ದಿದವು. 2012ರಲ್ಲಿ ಇದಕ್ಕೆ ಪ್ರತ್ಯೇಕ ತಳಿಯೆಂಬ ಮನ್ನಣೆ ಬಂದಿತು. ದಿನಕ್ಕೆ ಒಂದೆರಡು ಲೀಟರು ಹಾಲು, ಹೆಚ್ಚೆಂದರೆ ಮೂರು. ಮುಂಜಾನೆ ಬಿಟ್ಟರೆ ತಾನೇ ಮೇದು ಸಂಜೆಗೆ ತಾನೇ ಕೊಟ್ಟಿಗೆಗೆ ಬರುವ ಈ ಪ್ರಾಣಿಯು ಯಜಮಾನನಿಂದ ಕೇಳುವುದೂ ಅಲ್ಪ, ಕೊಡುವುದೂ ಅಲ್ಪ. ಗಂಜಿ ಕುಡಿದು ನೆಮ್ಮದಿಯಾಗಿರುವ ಸಂಸಾರಿಯಂತೆ ಎಂದರೆ ತಪ್ಪಾಗಲಾರದು.

ಇನ್ನು ಸೀಮೆಹಸುವಿನ ಕಥೆ. ಇದು ಎಲ್ಲಿಯೋ ಪರದೇಶದಲ್ಲಿ ಹುಟ್ಟಿ ನಮ್ಮ ಮೇಲೆ ಬಿದ್ದದ್ದೆಂದು ಹೇಳುವಂತಿಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆಯನ್ನು ಮೊಟ್ಟಮೊದಲು ಮಾಡಿದ್ದು ನಮ್ಮ ಮೈಸೂರಿನ ಅರಮನೆಯ ಡೈರಿ ಫಾರಮಿನಲ್ಲಿ, 1939ರಲ್ಲಿ. ಮಾಡಿದವರು ಡಾಕ್ಟರ್ ಸಂಪತ್ಕುಮಾರನ್ ಅವರು. ಹಳ್ಳಿಕಾರ ಹಸುಗಳಿಗೆ ಹೋಲ್‌ಸ್ಟೈನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೊಟ್ಟರು. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಿನ್ ಬೆರಸಿದರೆ ವೀರ್ಯವು ಹೆಪ್ಪುಗಟ್ಟಿಯೂ ಬದುಕಿರುವುದೆಂದು ಕಂಡುಹಿಡಿದರು. ಅಲ್ಲಿಂದೀಚೆಗೆ ಹೋರಿಯ ಆಯುಷ್ಯಕ್ಕೂ ಅದರ ಸಂತಾನಕ್ಕೂ ಇದ್ದ ಸಂಬಂಧವೇ ತಪ್ಪಿಹೋಯಿತು. ಸತ್ತ ಹೋರಿಯ ಬೀಜವು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವಸಾರಜನಕದಲ್ಲಿ ಮಲಗಿದ್ದು, ವರುಷಗಳ ಮೇಲೆ ಯಾವುದೋ ಹಳ್ಳಿಯಲ್ಲಿ ಕರುವಾಗಬಹುದು. ಬೆಂಗಳೂರಿನ ಬಳಿಯ ಹೆಸರಘಟ್ಟವು ಈ ಕೆಲಸಕ್ಕೆ ಹೆಸರಾಯಿತು. 1970ರಲ್ಲಿ ಮೊದಲಾದ ಕ್ಷೀರಕ್ರಾಂತಿಯು ಹಳ್ಳಿಹಳ್ಳಿಗೂ ಹಾಲಿನ ಸಂಘವನ್ನು ತಂದಿತು. 1998ರ ಸುಮಾರಿನಿಂದ ನಮ್ಮ ದೇಶವು ಹಾಲಿನ ಉತ್ಪತ್ತಿಯಲ್ಲಿ ಪ್ರಪಂಚಕ್ಕೇ ಮೊದಲನೆಯದಾಗಿ ನಿಂತಿತು. 2019ರ ಜಾನುವಾರು ಗಣತಿಯಲ್ಲಿ ದೇಶದ ಸುಮಾರು 19.25 ಕೋಟಿ ದನಗಳ ಪೈಕಿ 5.04 ಕೋಟಿ ಪರದೇಶೀ ಮತ್ತು ಮಿಶ್ರ ತಳಿಯವು, 14.21 ಕೋಟಿ ದೇಶೀಯ. ಹಿಂದಣ ಗಣತಿಯಾದ 2012ಕ್ಕೆ ಹೋಲಿಸಿದರೆ ದೇಶೀಯ ದನಗಳು ನೂರಕ್ಕೆ ಆರರಷ್ಟು ಇಳಿದಿದ್ದವು.

ಈಗ ಪ್ರಕೃತ ವಿಷಯದ ಹೃದಯಕ್ಕೆ ಬರೋಣ. ಹಸುವಿನ ಮೈಯಲ್ಲಿ ಹಾಲಿಗೂ ಗರ್ಭಕ್ಕೂ ಇರುವ ಸಂಬಂಧವು ವಿಚಿತ್ರವಾದುದು. ಈಯದೆ ಹಾಲಿಲ್ಲ; ಆದುದರಿಂದ ಗರ್ಭವೇ ಹಾಲಿಗೆ ಮೂಲ. ಆದರೆ ಹಾಲು ಮಿತಿಮೀರಿದರೆ ಮುಂದಿನ ಗರ್ಭಕ್ಕೆ ಅದೇ ಅಡ್ಡಿ. ಒಂದು ಲೀಟರು ಹಾಲು ಆಗಬೇಕಾದರೆ ಕೆಚ್ಚಲಿನೊಳಗೆ ನಾಲ್ಕೈದು ನೂರು ಲೀಟರು ರಕ್ತವು ಹರಿದುಹೋಗಬೇಕಂತೆ. ಈದ ಮೊದಲ ವಾರಗಳಲ್ಲಿ ಹಾಲು ಬೇಗಬೇಗನೆ ಏರುತ್ತದೆ, ಹಸಿವು ನಿಧಾನವಾಗಿ ಏರುತ್ತದೆ. ಆ ಅಂತರವನ್ನು ಹಸುವು ತನ್ನ ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿ ತುಂಬಿಕೊಡುತ್ತದೆ. ಮೈ ಕರಗುತ್ತಿರುವಷ್ಟು ಕಾಲವೂ ಮೆದುಳು ಅಂಡಾಶಯಕ್ಕೆ ಕೊಡಬೇಕಾದ ಸೂಚನೆಯನ್ನು ತಡೆಹಿಡಿಯುತ್ತದೆ. ಬೆದೆಯು ಬರುವುದಿಲ್ಲ, ಬಂದರೂ ಕೂಗಿಲ್ಲದೆ, ಲೋಳೆಯಿಲ್ಲದೆ, ಮೂಕವಾಗಿ ಬಂದುಹೋಗುತ್ತದೆ. ಹುಟ್ಟಿದ ಕರುವನ್ನು ಮೊದಲು ಸಾಕು, ಹುಟ್ಟಬೇಕಾದದ್ದನ್ನು ಅನಂತರ ನೋಡೋಣ ಎಂದು ದೇಹವೇ ತೀರ್ಪುಕೊಟ್ಟಂತೆ. ನಾವು ಇದನ್ನು ರೋಗವೆನ್ನುತ್ತೇವೆ. ನನಗೆ ಇದು ಬಹುಮಟ್ಟಿಗೆ ವಿವೇಕವಾಗಿಯೇ ತೋರುತ್ತದೆ.

ನಾಟಿ ಹಸುವಿಗೆ ಮೇವು ಕಡಮೆಯಾದರೆ ಅದು ಹಾಲನ್ನು ಕಡಮೆಮಾಡಿಕೊಳ್ಳುತ್ತದೆ. ಕರುವು ಎದುರಿಗಿಲ್ಲದಿದ್ದರೆ ಹಾಲನ್ನು ಕೆಚ್ಚಲಿಗೆ ಇಳಿಯಬಿಡದೆ ಹಟಹಿಡಿಯುವುದೂ ಉಂಟು. ಗೃಹಿಣಿಯರು ಇದನ್ನು ಕಳ್ಳತನವೆನ್ನುತ್ತಾರೆ. ಹಸುವಿನ ಪಕ್ಷದಿಂದ ನೋಡಿದರೆ ಮನೆಯ ಹಣವನ್ನು ಸೆರಗಿನ ಗಂಟಿನಲ್ಲಿ ಉಳಿಸಿಕೊಳ್ಳುವ ಜಾಣ್ಮೆ. ಉನ್ನತ ತಳಿಯ ಹಸುವಿನಲ್ಲಿ ಈ ಹಟವನ್ನೇ ನಾವು ಕಿತ್ತುಹಾಕಿದ್ದೇವೆ. ಮೇವಿದ್ದರೂ ಇಲ್ಲದಿದ್ದರೂ ಮೊದಲು ಹಾಲು, ಆಮೇಲೆ ತಾನು ಎನ್ನುವಂತೆ ಅದರ ರಕ್ತವನ್ನೇ ಆರಿಸಿ ಆರಿಸಿ ಕಟ್ಟಿದ್ದೇವೆ. ಕರ್ಣನು ಕವಚಕುಂಡಲಗಳನ್ನು ಮೈಯಿಂದ ಕೊಯ್ದುಕೊಟ್ಟನೆಂದು ಕೊಂಡಾಡುವುದುಂಟು. ಏಕೆಂದರೆ ಕೊಡದಿರುವುದೂ ಅವನ ಕೈಯಲ್ಲಿತ್ತು. ಕೊಡದಿರುವ ಶಕ್ತಿಯನ್ನೇ ಹುಟ್ಟಿನಲ್ಲಿ ಕಸಿದುಕೊಂಡು, ಅನಂತರ ಅದನ್ನು ತ್ಯಾಗಮಯಿಯಾದ ತಾಯಿ ಎಂದು ಹೊಗಳುವುದು ಯಾವ ನ್ಯಾಯ? ತ್ಯಾಗವೆಂಬ ಶಬ್ದಕ್ಕೆ ಕರ್ತೃವೊಬ್ಬನು ಬೇಕು. ಇಲ್ಲಿ ಕರ್ತೃ ನಾವು, ಹಸುವು ಕರ್ಮ. ವ್ಯಾಕರಣವನ್ನು ಬಲ್ಲವರಿಗೆ ಇಷ್ಟು ಸಾಕು.

ಪಶ್ಚಿಮದವರು ಇದನ್ನು ಕಂಡುಕೊಳ್ಳದೆ ಇಲ್ಲ. ಅಮೆರಿಕೆಯಲ್ಲಿ 1960ರಿಂದ 2000ದ ವರೆಗೆ ಹಸುವೊಂದರ ಹಾಲು ಎರಡೂವರೆ ಮಡಿ ಆಯಿತು. ಅದೇ ಕಾಲದಲ್ಲಿ ಆ ಹಸುಗಳು ಗಬ್ಬ ನಿಲ್ಲುವ ಪ್ರಮಾಣವು ಇಳಿಯುತ್ತ ಬಂದಿತು. 2003ರಲ್ಲಿ, ಹೋರಿಯನ್ನು ಆರಿಸುವಾಗ ಅದರ ಹೆಣ್ಣುಮಕ್ಕಳು ಎಷ್ಟು ಸುಲಭವಾಗಿ ಗಬ್ಬವಾಗುತ್ತವೆ ಎಂಬುದನ್ನೂ ಎಣಿಕೆಗೆ ತಂದುಕೊಂಡರು. ಉತ್ತರ ಯೂರೋಪಿನ ಸ್ವೀಡನ್, ನಾರ್ವೆ ಮೊದಲಾದ ದೇಶದವರು ಇದಕ್ಕೆ ಬಹಳ ಮೊದಲೇ ಎಚ್ಚತ್ತಿದ್ದರು. ಒಂದೇ ಗುಣವನ್ನು ಅಳೆದು ಅದನ್ನೇ ಬೆಳಸಿದರೆ, ಅಳೆಯದೆ ಬಿಟ್ಟ ಗುಣವು ಸದ್ದಿಲ್ಲದೆ ಸೊರಗುತ್ತದೆ. ನಲವತ್ತು ವರುಷ ಮಕ್ಕಳಿಗೆ ಅಂಕ ಕೊಟ್ಟ ನನ್ನಂಥವನಿಗೆ ಇದು ದನದ ಕೊಟ್ಟಿಗೆಗೆ ಮಾತ್ರ ಸಂಬಂಧಿಸಿದ ಮಾತೆನಿಸುವುದಿಲ್ಲ. ಆದರೆ ಆ ವಿಷಯ ಇಲ್ಲಿ ಬೇಡ.

ಇಷ್ಟರಿಂದ ನಾಟಿ ಹಸುವು ಎಲ್ಲ ವಿಧದಲ್ಲಿಯೂ ಫಲವತಿಯೆಂದೂ, ಸೀಮೆಹಸುವು ಎಲ್ಲ ವಿಧದಲ್ಲಿಯೂ ಗೊಡ್ಡೆಂದೂ ಯಾರಾದರೂ ತೀರ್ಮಾನಿಸಿದರೆ ಅದು ಸತ್ಯಕ್ಕೆ ದೂರ. ನಾಟಿ ಕಡಸು ಮೊದಲ ಸಲ ಈಯುವುದಕ್ಕೆ ನಾಲ್ಕು ವರುಷ ಹಿಡಿಯುವುದು ಸಾಮಾನ್ಯ, ಅದಕ್ಕೂ ಮೀರುವುದುಂಟು. ಈದ ಮೇಲೆ ಮತ್ತೆ ಈಯುವುದಕ್ಕೆ ಒಂದೂವರೆ ವರುಷವಾದರೂ ಯಾರೂ ಬೆರಗಾಗುವುದಿಲ್ಲ. ಚೆನ್ನಾಗಿ ಸಾಕಿದ ಮಿಶ್ರತಳಿಯ ಕಡಸು ಎರಡೂವರೆ ಮೂರು ವರುಷಕ್ಕೇ ತಾಯಾಗುತ್ತದೆ, ಸೂಲಿನಿಂದ ಸೂಲಿಗೆ ಅಂತರವೂ ಕಡಮೆ. ಮೊದಲ ಸಂಕರದ ಹಸುವಿನಲ್ಲಿ, ಅಂದರೆ ಅರ್ಧ ದೇಶೀಯ ಅರ್ಧ ವಿದೇಶೀಯ ರಕ್ತವಿದ್ದಾಗ, ಎರಡು ಕುಲಗಳ ಕಸುವೂ ಕೂಡಿಬರುತ್ತದೆ. ತೊಡಕು ಬರುವುದು ಮುಂದೆ. ಅರ್ಧಕ್ಕೆ ನಿಲ್ಲಿಸದೆ ಮಗಳಿಗೂ ಮೊಮ್ಮಗಳಿಗೂ ಅದೇ ಸೀಮೆಯ ಬೀಜವನ್ನೇ ಹಾಕಿಸುತ್ತ ಹೋದರೆ ಮುಕ್ಕಾಲಾಗಿ, ಅದಕ್ಕೂ ಮೇಲಾಗಿ, ಕಡೆಗೆ ಕೊಟ್ಟಿಗೆಯಲ್ಲಿ ನಿಲ್ಲುವುದು ಹಾಲೆಂಡಿನ ಹಸುವೇ; ಮೇವು ಮಾತ್ರ ಕಡೂರಿನದು, ಬಿಸಿಲೂ ಕಡೂರಿನದು. ಅರ್ಧಾಂಶದ ಆಸುಪಾಸಿನಲ್ಲಿ ನಿಲ್ಲಿಸುವುದು ಲೇಸೆಂದು ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವರು. ಕೇಳಿದವರು ಕಡಮೆ. ಅತ್ತ ನಮ್ಮದೇ ಗೀರ್ ತಳಿಯನ್ನು ಕೊಂಡೊಯ್ದ ಬ್ರೆಜಿಲಿನವರು ಅದನ್ನೇ ತಾಳ್ಮೆಯಿಂದ ಹಾಲಿಗಾಗಿ ಆರಿಸಿ ಬೆಳಸಿ, ದೇಶೀಯ ತಳಿಯಲ್ಲಿಯೂ ಹಾಲು ಅಡಗಿತ್ತೆಂದು ತೋರಿಸಿದರು. ತಾಳ್ಮೆಯ ದಾರಿಯೊಂದು ನಮಗೂ ಇತ್ತು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಪೂರ್ವಪಕ್ಷವನ್ನು ಸರಿಯಾಗಿ ಹೇಳದೆ ಸಿದ್ಧಾಂತಕ್ಕೆ ಕೈಹಾಕಬಾರದೆಂದು ನಮ್ಮ ಗುರುಗಳು ಕಲಿಸಿದ್ದರು. ಇಲ್ಲಿ ಪೂರ್ವಪಕ್ಷವು ಯಾವ ಪಂಡಿತನ ಬಾಯಿಂದಲೂ ಬಂದದ್ದಲ್ಲ. ನಮ್ಮ ಬೀದಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಎರಡು ಸೀಮೆಹಸುಗಳನ್ನು ಕಟ್ಟಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದಳು. ಜಮೀನೆಂಬುದು ಅವಳಿಗೆ ಇಲ್ಲ. ಹುಲ್ಲನ್ನು ಬದುಗಳ ಮೇಲೆ ಕುಯ್ದು ಹೊರೆ ಹೊತ್ತು ತರುವಳು. ಹಿಂಡಿಬೂಸಾ ಸಂಘದಿಂದ ಸಾಲ. ಬಟವಾಡೆಯ ದಿನ ಅದನ್ನು ಮುರಿದುಕೊಂಡು ಉಳಿದದ್ದು ಕೈಗೆ. ಒಂದು ದಿನ ನಾನು ನಾಟಿ ಹಸುವಿನ ಹಾಲಿನ ಗುಣವನ್ನು ವಿವರಿಸುತ್ತಿದ್ದಾಗ ಅವಳು ಹೊರೆಯನ್ನು ಜಗಲಿಗೆ ಇಳುಹಿ, "ಮೇಷ್ಟ್ರೇ, ನಿಮ್ಮ ನಾಟಿ ಹಸ ದೇವರ ಅಭಿಷೇಕಕ್ಕೆ ಹಾಲು ಕೊಟ್ಟೀತು. ನನ್ನ ಮಕ್ಕಳ ಫೀಜಿಗೆ ಕೊಟ್ಟೀತಾ?" ಎಂದಳು. ಇದಕ್ಕೆ ಉತ್ತರವಿಲ್ಲ. ಬಡವಳ ಮಕ್ಕಳ ಓದಿಗಿಂತ ತಳಿಯ ಶುದ್ಧಿ ದೊಡ್ಡದೆಂದು ಹೇಳುವವನು ಧರ್ಮವನ್ನು ಬಲ್ಲವನಲ್ಲ. ಸೀಮೆಹಸುವು ಪಾಪವೆಂದು ನಾನು ಹೇಳಲಾರೆ. ಆ ಹಸುವಿನಿಂದ ಹೊಗೆಯಾಡಿದ ಒಲೆಗಳನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಅದೇ ಹೆಂಗಸು ಎರಡು ವರುಷಗಳ ಮೇಲೆ ಬೇರೊಂದು ಪ್ರಶ್ನೆಯನ್ನು ತಂದಳು. ಹೆಚ್ಚು ಹಾಲಿನ ಹಸುವು ಮೂರನೆಯ ಸೂಲಿನ ಬಳಿಕ ನಿಲ್ಲಲೊಲ್ಲದು. ನಾಲ್ಕು ಸಲ ಇಂಜೆಕ್ಷನ್ ಹಾಕಿಸಿದ್ದಾಯಿತು. ಪ್ರತಿಸಲವೂ ಇಪ್ಪತ್ತೊಂದು ದಿನ ಕಾದು, ಮತ್ತೆ ಬೆದೆ ಕಂಡು, ಮತ್ತೆ ಡಾಕ್ಟರನ್ನು ಕರೆದದ್ದು. ಹಾಲು ಇಳಿದಿಳಿದು ಬತ್ತಿಹೋಯಿತು. ಹೊಟ್ಟೆಯು ಮಾತ್ರ ಮುಂಚಿನದೇ. ದಲ್ಲಾಳಿಯೊಬ್ಬನು ಬಂದು ಹೋಗಿದ್ದನು. "ಮಾರಿದರೆ ಪಾಪ ಬರುತ್ತದಾ ಮೇಷ್ಟ್ರೇ? ನೀವು ಓದಿದೋರು, ಹೇಳಿ" ಎಂದು ಕೇಳಿದಳು. ನಚಿಕೇತನ ಪ್ರಶ್ನೆಯೇ ಸೀರೆಯುಟ್ಟು ಬಂದು ನನ್ನ ಜಗಲಿಯಲ್ಲಿ ಕುಳಿತಂತಾಯಿತು.

ಕಾನೂನಿನ ಉತ್ತರವೇನೋ ಇದೆ. ಗೋಹತ್ಯೆಯನ್ನು ನಿಷೇಧಿಸುವ ಹೊಸ ಕಾಯಿದೆಯು ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದಿತು. ಕಾನೂನು ಕತ್ತಿಯನ್ನು ತಡೆಯಬಹುದು. ನಾಳೆಯ ಹುಲ್ಲನ್ನು ತಂದುಹಾಕಲಾರದು. ಗಂಡುಕರುವಿನ ಗತಿಯೂ ಇದೇ. ಎತ್ತು ಉಳುತ್ತಿದ್ದ ಕಾಲದಲ್ಲಿ ಗಂಡುಕರು ಹುಟ್ಟಿದರೆ ಮನೆಗೆ ಎರಡು ಕೈ ಬಂದಂತೆ. ಟ್ರ್ಯಾಕ್ಟರು ಬಂದ ಮೇಲೆ, ಅದರಲ್ಲಿಯೂ ಹಿಣಿಲಿಲ್ಲದ, ಬಿಸಿಲು ತಡೆಯದ ಸೀಮೆಯ ಗಂಡುಕರುವಿಗೆ ತಾಯ ಹಾಲಿನಲ್ಲಿ ಪಾಲೇ ಇಲ್ಲದಂತಾಯಿತು. ಈಗ ನೂರಕ್ಕೆ ತೊಂಬತ್ತು ಹೆಣ್ಣುಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯವನ್ನು ಕೊಡುತ್ತಾರೆ. ಹುಟ್ಟಿ ಹಸಿವಿನಿಂದ ಸಾಯುವುದಕ್ಕಿಂತ ಹುಟ್ಟದಿರುವುದು ಮೇಲಲ್ಲವೆ ಎಂದರೆ ಹೌದೆನ್ನಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ಹಿಂದೆ ಸತ್ತವರ ಹೆಸರಿನಲ್ಲಿ ವೃಷೋತ್ಸರ್ಗಮಾಡಿ ಒಳ್ಳೆಯ ಹೋರಿಯೊಂದನ್ನು ಊರಿಗೇ ಬಿಡುತ್ತಿದ್ದರು. ಅದು ಯಾರ ಹೊಲದಲ್ಲಿ ಮೇದರೂ ಹೊಡೆಯುವಂತಿರಲಿಲ್ಲ. ಊರ ಹಸುಗಳಿಗೆಲ್ಲ ಅದೇ ಬಸವ. ಪಿತೃಗಳಿಗೆ ಸದ್ಗತಿಯಾಯಿತೋ ಇಲ್ಲವೋ, ಊರಿನ ತಳಿಗೆ ಆಯಿತು. ಬೀಜದ ಹೋರಿಯ ಖರ್ಚನ್ನು ಊರೆಲ್ಲ ಹಂಚಿಕೊಂಡು ಹೊರುತ್ತಿದ್ದ ಆ ಏರ್ಪಾಡನ್ನು ನಾನು ಇಲ್ಲಿ ಬೇಕೆಂದೇ ನೆನಪುಮಾಡುತ್ತಿದ್ದೇನೆ.

ಏಕೆಂದರೆ ನನ್ನ ಸಿದ್ಧಾಂತವಿರುವುದು ಅಲ್ಲಿಯೇ. ಆ ಹೆಂಗಸಿಗೆ ನಾನು ಹೇಳಿದ್ದು ಇದು: "ತಾಯಿ, ಪಾಪವೆಂಬುದಿದ್ದರೆ ಅದು ನಿನ್ನೊಬ್ಬಳದಲ್ಲ. ಹಾಲನ್ನು ಕುಡಿದವರೆಷ್ಟು ಮಂದಿಯೋ ಅಷ್ಟು ಪಾಲಾಗಬೇಕು." ಸಮಾಧಾನದ ಮಾತಾಗಿ ಇದನ್ನು ಹೇಳಲಿಲ್ಲ. ಹಾಲಿನ ಬೆಲೆಯನ್ನು ಗೊತ್ತುಮಾಡುವಾಗ ಜಿಡ್ಡನ್ನು ಅಳೆಯುತ್ತಾರೆ, ಘನಾಂಶವನ್ನು ಅಳೆಯುತ್ತಾರೆ, ಸಾಗಾಟದ ಖರ್ಚನ್ನು ಸೇರಿಸುತ್ತಾರೆ. ಹಸುವು ಬತ್ತಿದ ತಿಂಗಳುಗಳ ಮೇವನ್ನು, ನಿಲ್ಲದೆ ಹೋದ ಗಬ್ಬಗಳ ಕಾಯುವಿಕೆಯನ್ನು, ಮುಪ್ಪನ್ನು ಯಾರೂ ಸೇರಿಸುವುದಿಲ್ಲ. ಆ ಭಾಗವೆಲ್ಲ ಕೊಟ್ಟಿಗೆಯಲ್ಲಿಯೇ ಉಳಿದು, ಎಲ್ಲರಿಗಿಂತ ಬಡವಳಾದವಳ ತಲೆಯ ಮೇಲೆ ಬೀಳುತ್ತದೆ. ಪಟ್ಟಣದಲ್ಲಿ ಕಾಫಿಗೆ ಹಾಲು ಬೆರಸಿಕೊಂಡವನು ಶುದ್ಧನಾಗಿ ಉಳಿದು, ಹಸು ಕಟ್ಟಿದವಳು ಪಾಪಿಯಾಗುವುದು ಯಾವ ಶಾಸ್ತ್ರದಲ್ಲಿಯೂ ಕೂಡದು. ಹೆಚ್ಚು ಹಾಲಿನ ತಳಿಯನ್ನು ಕೇಳಿದ್ದು ಪಟ್ಟಣದ ಬಾಯಾರಿಕೆ. ಅದರ ಗೊಡ್ಡುತನವೂ ಆ ಬಾಯಾರಿಕೆಯ ಲೆಕ್ಕಕ್ಕೇ ಸೇರತಕ್ಕದ್ದು.

ರಘುವಂಶದ ದಿಲೀಪನು ಮಕ್ಕಳಿಲ್ಲದೆ ಕೊರಗಿ ನಂದಿನಿಯನ್ನು ಸೇವಿಸಿದ್ದು ಎಲ್ಲರಿಗೂ ತಿಳಿದ ಕಥೆ. ಇಪ್ಪತ್ತೊಂದು ದಿನ ಸೇವಿಸಿದನೆಂದು ಕವಿಯು ಲೆಕ್ಕಕೊಡುತ್ತಾನೆ. ಹಸುವಿನ ಬೆದೆಯ ಚಕ್ರವೂ ಇಪ್ಪತ್ತೊಂದೇ ದಿನ. ಕಾಕತಾಳೀಯವಿರಬಹುದು, ಆದರೂ ಪಾಠ ಹೇಳುವಾಗ ಆ ಶ್ಲೋಕ ಬಂದರೆ ನನಗೆ ನಗು ಬರುತ್ತಿತ್ತು. ಕಥೆಯ ಕಡೆಯಲ್ಲಿ ನಂದಿನಿಯು ಪ್ರಸನ್ನಳಾಗಿ ತನ್ನ ಹಾಲನ್ನು ಕುಡಿಯೆಂದಾಗ ರಾಜನು ಒಮ್ಮೆಗೇ ಕುಡಿಯಲಿಲ್ಲ. ಕರುವು ಕುಡಿದು, ಹೋಮಕ್ಕೆ ಒದಗಿ ಮಿಕ್ಕದ್ದನ್ನು ಮಾತ್ರ ಗುರುಗಳ ಅಪ್ಪಣೆಯಿಂದ ಕುಡಿಯುವೆನೆಂದನು. ಸಂತಾನವನ್ನು ಬೇಡಿ ಬಂದವನು ಹಸುವಿನ ಸಂತಾನದ ಪಾಲನ್ನು ಮುಟ್ಟಲಿಲ್ಲ. ನಮ್ಮ ನಾಡಿನ ಹಾಲಿನ ಪೊಟ್ಟಣದ ಮೇಲೆ ಇಂದು ಆ ನಂದಿನಿಯ ಹೆಸರೇ ಇದೆ. ಅದನ್ನು ಕತ್ತರಿಸುವ ಕೈಗಳಿಗೆ ದಿಲೀಪನ ಸಂಕೋಚದಲ್ಲಿ ಒಂದಂಶವಾದರೂ ಬಂದರೆ ಸಾಲದೆ?

ಸಂಕೋಚವನ್ನು ಕಾಸಿನಲ್ಲಿ ಹೇಳುವುದೂ ಸಾಧ್ಯ. ಒಂದು ಹಳ್ಳಿಯ ಸಂಘಕ್ಕೆ ದಿನಕ್ಕೆ 1,000 ಲೀಟರು ಹಾಲು ಬರುವುದೆಂದು ಇಟ್ಟುಕೊಳ್ಳೋಣ. ಲೀಟರಿಗೆ 50 ಪೈಸೆಯಂತೆ ಎತ್ತಿಟ್ಟರೆ ದಿನಕ್ಕೆ 500 ರೂಪಾಯಿ. ಬತ್ತಿದ ಹಸುವೊಂದರ ಮೇವಿಗೆ ದಿನಕ್ಕೆ 100 ರೂಪಾಯಿ ಎಂದರೆ, ಐದು ಹಸುಗಳು ಮಾಲೀಕರ ಸಾಲಕ್ಕೆ ಹೊರೆಯಾಗದೆ ಅವರವರ ಕೊಟ್ಟಿಗೆಯಲ್ಲಿಯೇ ನಿಂತಾವು. ಆ ಐದರಲ್ಲಿ ಎರಡೋ ಮೂರೋ, ಮೈ ತುಂಬಿಕೊಂಡ ಮೇಲೆ ತಾವಾಗಿಯೇ ಬೆದೆಗೆ ಬಂದು ಗಬ್ಬ ನಿಲ್ಲಲೂ ಬಹುದು. ಅವುಗಳ ಗೊಡ್ಡುತನದಲ್ಲಿ ಅರ್ಧವಾದರೂ ಹಸಿವಿನದೆಂದು ಪಶುವೈದ್ಯರೊಬ್ಬರು ನನಗೆ ಹೇಳಿದ್ದುಂಟು. ಆ ಹೆಂಗಸು ಹಸುವನ್ನು ಮಾರಲಿಲ್ಲ; ಐದನೆಯ ಸಲದ ಇಂಜೆಕ್ಷನ್ ಆಗಿ ಹದಿನೈದು ದಿನವಾಯಿತು, ಇನ್ನಾರು ದಿನ ನೋಡಬೇಕು. ನನ್ನ ಈ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಇಡುವುದಕ್ಕೆ ನಮ್ಮೂರ ಸಂಘದ ಕಾರ್ಯದರ್ಶಿಗಳು ಒಪ್ಪಿರುವರು. ಐವತ್ತು ಪೈಸೆಯನ್ನು ಹಾಲು ಹಾಕುವವರು ಬಿಡಬೇಕೋ ಕೊಳ್ಳುವವರು ಕೊಡಬೇಕೋ ಎಂಬುದರಲ್ಲಿ ಈಗಾಗಲೇ ಭಿನ್ನಾಭಿಪ್ರಾಯ ಹುಟ್ಟಿದೆ. ನನ್ನ ಮತವು ಕೊಳ್ಳುವವರ ಮೇಲೆ. ನಾನು ದಿನವೂ ಒಂದು ಲೀಟರು ಕೊಳ್ಳುವವನು.